ಹಳ್ಳಕ್ಕೆ ಇಳಿಸು

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಪಿಯುಸಿವರೆಗೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡ್ತೀವಿ, ಆದರೆ ಎರಡು ಪುಟಕ್ಕಿಂತ ಜಾಸ್ತಿ ಕನ್ನಡದಲ್ಲಿ ಬರೆದದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೇ ಕೊನೆ. ಕನ್ನಡ ಸಂಘದ ಸೀನಿಯರ್ ಒಬ್ಬರು "ಮೆಕ್ಯಾನಿಕಲ್‌ನವರು ಯಾರೂ ಬರೆಯಲ್ಲ, ನೀನೊಂದು ಟೆಕ್ನಿಕಲ್ ಲೇಖನ ಕೊಡು" ಅಂದರು. ನಾನು ಕೈಯಾರೆ ಮಾಡಿ ಕಲಿತ ಟೆಕ್ನಿಕಲ್ ವಿಷಯ ಅಂತ ಇರೋದು ಒಂದೇ. ಅಂಗಡಿಯ ಮಷೀನ್ ಇಲ್ಲದೆ, ಮನೆ ಅಂಗಳದಲ್ಲಿ ಜೀಪಿಗೆ ಟೈರ್ ಹಾಕೋದು. ಅದನ್ನೇ ಬರೀತಿದ್ದೀನಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮೂರು ಮೂಡಿಗೆರೆ ತಾಲೂಕು. ನಾಲ್ಕು ಎಕರೆ ಕಾಫಿ, ಅದರ ಮಧ್ಯೆ ಮನೆ. ಟಾರ್ ರೋಡಿನಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಕೊನೆಯಲ್ಲಿ ಒಂದು ಏರು ಇದೆ. ಬೇಸಿಗೆಯಲ್ಲಿ ಆ ಏರನ್ನು ಸ್ಕೂಟಿ ಕೂಡ ಹತ್ತುತ್ತೆ, ಮಳೆಗಾಲದಲ್ಲಿ ಜೀಪು ಬಿಟ್ಟರೆ ಬೇರೆ ಏನೂ ಹತ್ತಲ್ಲ. ನಮ್ಮ ಮನೆಯ ಜೀಪಿಗೆ ನನಗಿಂತ ವಯಸ್ಸು ಜಾಸ್ತಿ. ಅಪ್ಪ ಅದರಲ್ಲಿ ಗೊಬ್ಬರ ತಂದಿದ್ದಾರೆ, ಕಾಫಿ ಮೂಟೆ ಸಾಗಿಸಿದ್ದಾರೆ, ಪಕ್ಕದ ಮನೆಯವರನ್ನು ರಾತ್ರೋರಾತ್ರಿ ಹೆರಿಗೆಗೆ ಕರೆದುಕೊಂಡು ಹೋಗಿದ್ದಾರೆ. ನಾನು ಫಸ್ಟ್ ಇಯರ್ ಸೇರುವ ದಿನ ನನ್ನ ಟ್ರಂಕು ಬಸ್‌ಸ್ಟ್ಯಾಂಡ್ ತಲುಪಿದ್ದೂ ಅದರಲ್ಲೇ.

ನಾನು ಸೆಕೆಂಡ್ ಸೆಮ್‌ನಲ್ಲಿದ್ದಾಗ, ಫೆಬ್ರವರಿಯಲ್ಲಿ, ಅಪ್ಪನಿಗೆ ಸ್ಟ್ರೋಕ್ ಆಯ್ತು. ಜೀವಕ್ಕೆ ಅಪಾಯ ಆಗಲಿಲ್ಲ. ಆದರೆ ಬಲಗೈ ಬಲಗಾಲು ಸೋತವು, ಮಾತು ನಿಧಾನ ಆಯ್ತು. ಪೂರ್ತಿ ವಾಕ್ಯ ಹೇಳೋಕೆ ಕಷ್ಟ, ಒಂದೊಂದೇ ಪದ ಬರೋದು. ವಾರಕ್ಕೆ ಎರಡು ಸಲ ಪೇಟೆಗೆ ಹೋಗಿ ಫಿಸಿಯೋಥೆರಪಿ ಮಾಡಿಸಬೇಕಿತ್ತು. "ಮೊದಲ ಆರು ತಿಂಗಳು ಬಹಳ ಮುಖ್ಯ, ತಪ್ಪಿಸಬೇಡಿ" ಅಂತ ಅಲ್ಲಿನ ಮೇಡಂ ಅಮ್ಮನಿಗೆ ಹೇಳಿದ್ದರು. ಚಿಕ್ಕಪ್ಪ ಜೀಪು ಓಡಿಸಿ ಕರೆದುಕೊಂಡು ಹೋಗ್ತಿದ್ದರು. ಜುಲೈಯಲ್ಲಿ ಮಳೆ ಜೋರಾದಾಗ ಜೀಪು ಏರಿನಲ್ಲಿ ಹಿಂದಕ್ಕೆ ಜಾರಿ ಚರಂಡಿ ಅಂಚಿಗೆ ಬಂದು ನಿಂತಿತು. ಟೈರುಗಳು ಪೂರ್ತಿ ಸವೆದು ಬೋಳಾಗಿದ್ದವು. ಚಿಕ್ಕಪ್ಪ "ಇನ್ನು ಮಳೆ ನಿಲ್ಲೋವರೆಗೆ ಆಗಲ್ಲ" ಅಂದುಬಿಟ್ಟರು.

ರಜೆಗೆ ನಾನು ಊರಿಗೆ ಹೋದಾಗ ಆಗಸ್ಟ್. ಆರನೇ ತಿಂಗಳು ಓಡ್ತಾ ಇತ್ತು. ಎರಡೂವರೆ ವಾರದಿಂದ ಅಪ್ಪ ಜಗಲಿ ಬಿಟ್ಟು ಇಳಿದಿರಲಿಲ್ಲ.

ಬೇಜಾರಿನ ವಿಷಯ ಅಂದರೆ ಹೊಸ ಟೈರು ಮನೆಯಲ್ಲೇ ಇದ್ದವು. ಹುಷಾರು ತಪ್ಪುವ ಒಂದು ವಾರದ ಮುಂಚೆ ಅಪ್ಪ ಚಿಕ್ಕಮಗಳೂರಿನಿಂದ ನಾಲ್ಕು ಟೈರು, ನಾಲ್ಕು ಟ್ಯೂಬು ತಂದು ಕೊಟ್ಟಿಗೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದರು. ಕೆಸರಿಗೆ ಅಂತಲೇ ಇರುವ, ದಪ್ಪ ಹಲ್ಲಿನ ಟೈರು. ಅದರೊಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಪೇಟೆಯ ಟೈರ್ ಅಂಗಡಿಗೆ ಫೋನ್ ಮಾಡಿದೆ. ಜೀಪು ತಂದರೆ ಬೇಗ ಮಾಡಿಕೊಡ್ತೀವಿ, ಅಷ್ಟು ಮೇಲಕ್ಕೆ ಬಂದು ಮಾಡೋಕಾಗಲ್ಲ ಅಂದರು. ಅಂದರೆ ಜೀಪು ಇಳಿದರೆ ಟೈರು ಹಾಕಬಹುದು, ಟೈರು ಹಾಕಿದರೆ ಜೀಪು ಇಳಿಯಬಹುದು.

ಹಾಗಾಗಿ ಮನೆಯಲ್ಲೇ ಹಾಕೋಣ ಅಂತ ತೀರ್ಮಾನ ಮಾಡಿದೆ. ಅರ್ಧ ಕಾರಣ ಇದು. ಇನ್ನರ್ಧ ನನ್ನ ಜಂಬ. ಒಂದು ವರ್ಷ ಮೆಕ್ಯಾನಿಕಲ್ ಓದಿದ್ದೀನಿ, ಯೂಟ್ಯೂಬ್‌ನಲ್ಲಿ ಆರು ವಿಡಿಯೋ ನೋಡಿದ್ದೀನಿ, ಇನ್ನೇನು ಬೇಕು?

ಮೊದಲು ಸ್ವಲ್ಪ ಥಿಯರಿ. ನಮ್ಮ ಜೀಪಿನ ಟೈರು 6.00-16. ಆರು ಇಂಚು ಅಗಲ, 16 ಇಂಚು ರಿಮ್. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೂ ಇದೇ ಅಳತೆ ಇತ್ತು. ಟೈರಿನ ಒಳಅಂಚಿನಲ್ಲಿ, ರಿಮ್ಮಿಗೆ ಕೂರುವ ಜಾಗದಲ್ಲಿ, ರಬ್ಬರಿನೊಳಗೆ ಉಕ್ಕಿನ ತಂತಿಯ ಬಳೆ ಇರುತ್ತೆ. ಅದಕ್ಕೆ ಬೀಡ್ ಅಂತಾರೆ. ರಬ್ಬರ್ ಎಳೆದರೆ ಹಿಗ್ಗುತ್ತೆ, ಆ ಬಳೆ ಹಿಗ್ಗಲ್ಲ. ರಿಮ್ಮಿನ ಅಂಚು ಬೀಡ್‌ಗಿಂತ ದೊಡ್ಡದು. ಕೈಗೆ ಬಳೆ ತೊಡಿಸೋದನ್ನು ನೆನಪಿಸಿಕೊಳ್ಳಿ. ಹಿಗ್ಗದ ಬಳೆಯನ್ನು ತನಗಿಂತ ದೊಡ್ಡ ಕೈಯ ಮೇಲೆ ದಾಟಿಸಬೇಕು. ಸಮಸ್ಯೆ ಅಷ್ಟೇ.

ಸಾಮಾನು: ಎರಡು ಟಾಮಿ, ಒಂದು ಜಾಕಿ, ಮರದ ತುಂಡುಗಳು, ಪಾನ, ಪಾತ್ರೆ ತೊಳೆಯುವ ಸೋಪಿನ ನೀರು, ತಂತಿ ಬ್ರಷ್, ಸೈಕಲ್ ಪಂಪು. ಸಹಾಯಕ್ಕೆ ಚಿಕ್ಕಪ್ಪನ ಮಗ, ಒಂಬತ್ತನೇ ಕ್ಲಾಸು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದೆವು. ಮುಂದಿನ ಎಡಚಕ್ರ ಬಿಚ್ಚಿ ಆ ಜಾಗಕ್ಕೆ ಸ್ಟೆಪ್ನಿ ಹಾಕಿದೆವು, ಜೀಪು ತನ್ನ ಕಾಲ ಮೇಲೆ ನಿಂತಿರಲಿ ಅಂತ. ಬಿಚ್ಚಿದ ಚಕ್ರದ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟೆವು. ಇದನ್ನು ಮಾಡದೆ ಯಾರೂ ಮುಂದಕ್ಕೆ ಹೋಗಬಾರದು. ಆಮೇಲೆ ಹಳೆಯ ಟೈರನ್ನು ರಿಮ್ಮಿನಿಂದ ಬಿಡಿಸಬೇಕು. ವರ್ಷಗಟ್ಟಲೆ ತುಕ್ಕು ಹಿಡಿದು ಅಂಟಿಕೊಂಡಿರುತ್ತೆ. ಮೇಲೆ ಹತ್ತಿ ಕುಣಿದರೂ ಅಲ್ಲಾಡಲ್ಲ, ನಾವಿಬ್ಬರೂ ಕುಣಿದು ನೋಡಿದ್ದೀವಿ. ಚಕ್ರವನ್ನು ಜೀಪಿನ ಹಿಂಭಾಗದ ಕೆಳಗೆ ಮಲಗಿಸಿ, ರಿಮ್ಮಿನ ಅಂಚಿಗೆ ಹತ್ತಿರ ಟೈರಿನ ಮೇಲೆ ಮರದ ತುಂಡಿಟ್ಟು, ಅದರ ಮೇಲೆ ಜಾಕಿ ನಿಲ್ಲಿಸಿ, ಜಾಕಿಯ ತಲೆಯನ್ನು ಚಾಸಿಗೆ ಕೊಟ್ಟು ಏರಿಸಿದೆವು. ಜೀಪಿನ ಭಾರವೇ ಟೈರನ್ನು ಒತ್ತುತ್ತೆ. ಒಂದು ಹಂತದಲ್ಲಿ ಕರ್‌ರ್ ಅಂತ ಶಬ್ದ ಮಾಡಿ ಬೀಡ್ ಕೆಳಕ್ಕೆ ಇಳಿಯಿತು. ನಮಗೆ ಅಂದು ಸಿಕ್ಕಿದ ಮೊದಲ ಗೆಲುವು ಅದು. ತಮ್ಮ ಜಗಲಿಯ ಕಡೆ ತಿರುಗಿ "ದೊಡ್ಡಪ್ಪಾ, ಬಿಡ್ತು!" ಅಂತ ಕೂಗಿದ. ಅಪ್ಪ ಕುರ್ಚಿಯಲ್ಲಿ ಕೂತು ನೋಡ್ತಾ ಇದ್ದರು, ಏನೂ ಹೇಳಲಿಲ್ಲ.

ಹಳೆ ಟೈರು ಹೇಗೋ ಒದ್ದಾಡಿ ತೆಗೆದೆವು. ಒಂದು ಗಂಟೆ ಹೋಯ್ತು. ರಿಮ್ಮಿನ ತುಕ್ಕನ್ನು ಬ್ರಷ್‌ನಲ್ಲಿ ಉಜ್ಜಿದೆವು, ಒಂದು ಚಕ್ಕೆ ಉಳಿದರೂ ಟ್ಯೂಬ್ ಕೊಯ್ಯುತ್ತೆ. ಹೊಸ ಟೈರಿನ ಅಂಚಿಗೆ ಸೋಪಿನ ನೀರು ಬಳಿದು, ರಿಮ್ಮಿನ ಮೇಲಿಟ್ಟು, ಮೊಣಕಾಲಲ್ಲಿ ಒತ್ತಿದರೆ ಮೊದಲ ಬೀಡ್ ಸುಮಾರಾಗಿ ತಾನಾಗಿಯೇ ಒಳಗೆ ಹೋಯ್ತು. ಟ್ಯೂಬ್ ಒಳಗಿಟ್ಟು ಅದರ ಮೂತಿಯನ್ನು ರಿಮ್ಮಿನ ತೂತಿಗೆ ತೂರಿಸಿದೆ. "ಇಷ್ಟೇನಾ?" ಅಂತ ಅನ್ನಿಸಿತು.

ಎರಡನೇ ಬೀಡ್‌ನಲ್ಲಿ ಗ್ರಹಚಾರ ಬಿಡ್ತು. ಮುಕ್ಕಾಲು ಭಾಗ ಒಳಗೆ ಹೋಗುತ್ತೆ, ಕೊನೆಯ ಒಂದಡಿ ಹೋಗಲ್ಲ. ಟಾಮಿ ಹಾಕಿ ಎತ್ತಿದರೆ ಆ ಕಡೆಯಿಂದ ಹೊರಗೆ ಬರುತ್ತೆ. ಆ ಕಡೆ ತಮ್ಮನನ್ನು ನಿಲ್ಲಿಸಿದರೆ ಈ ಕಡೆ ಬಗ್ಗಲ್ಲ. ಎರಡು ಟಾಮಿ ಸಾಲದು ಅಂತ ದೊಡ್ಡ ಸ್ಕ್ರೂ ಡ್ರೈವರ್ ತಂದು ಅದನ್ನೂ ತೂರಿಸಿದೆ. ಬಲ ಸಾಲದು ಅಂತ ಟಾಮಿಗೆ ಪೈಪು ಸಿಕ್ಕಿಸಿ ಉದ್ದ ಮಾಡಿದೆ. ಲಿವರ್ ಆರ್ಮ್ ಜಾಸ್ತಿ ಆದರೆ ಟಾರ್ಕ್ ಜಾಸ್ತಿ ಅಲ್ವಾ? ಪೈಪು ಕೈಜಾರಿ, ಟಾಮಿ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಹಾರಿ ನನ್ನ ಕಿವಿಯ ಪಕ್ಕದಲ್ಲೇ ಹೋಯ್ತು. ಅಮ್ಮ ಅಡಿಗೆಮನೆಯಿಂದ ಓಡಿ ಬಂದರು. "ಸಾಕು ಮಾರಾಯ, ನಿಮ್ಮಪ್ಪನ ಹುಬ್ಬು ನೋಡು" ಅಂದರು. ಅಪ್ಪನ ಎಡಹುಬ್ಬಿನ ಮೇಲೆ ಒಂದು ಗೆರೆ ಇದೆ. ಚಿಕ್ಕಂದಿನಿಂದ ನೋಡಿದ್ದೀನಿ, ಹೇಗಾಯ್ತು ಅಂತ ಒಂದು ದಿನವೂ ಕೇಳಿರಲಿಲ್ಲ. ಇದೇ ಕೆಲಸದಲ್ಲಿ ಆದದ್ದಂತೆ.

ಆಗ ಅಪ್ಪ ಮಾತಾಡಿದರು.

"ಹಳ್ಳ."

ನನಗೆ ಅರ್ಥ ಆಗಲಿಲ್ಲ. ನಮ್ಮ ದಾರಿಗೆ ಅಡ್ಡ ಒಂದು ಹಳ್ಳ ಹರಿಯುತ್ತೆ. ಮಳೆ ಬಂದರೆ ತುಂಬುತ್ತೆ. "ತುಂಬಿಲ್ಲಪ್ಪ, ಬೆಳಗ್ಗೆ ನೋಡಿ ಬಂದೆ, ಮೊಣಕಾಲುದ್ದ ಇದೆ" ಅಂದೆ.

"ಹಳ್ಳ. ಹಳ್ಳ." ದನಿ ಜೋರಾಯ್ತು.

"ಹೌದಪ್ಪ, ಜೀಪು ದಾಟುತ್ತೆ. ಮೊದಲು ಟೈರು ಆಗಲಿ."

ಅಪ್ಪ ಮುಖ ತಿರುಗಿಸಿದರು. ಕಾಯಿಲೆ ಆದ ಮೇಲೆ ಅವರಿಗೆ ಹೀಗೆ ಆಗ್ತಿತ್ತು. ಹೇಳಿದ್ದು ನಮಗೆ ತಿಳಿಯದಿದ್ದರೆ ಸಿಟ್ಟು ಬರೋದು, ಆಮೇಲೆ ಸುಮ್ಮನಾಗಿಬಿಡೋರು. ನಾವು ತಲೆ ಹೋಗಿಬಿಟ್ಟಿದೆ ಅನ್ನೋ ಥರ ಜೋರಾಗಿ, ನಿಧಾನವಾಗಿ ಮಾತಾಡ್ತಿದ್ದೆವು. ನಾನೂ ಹಾಗೇ ಮಾಡ್ತಿದ್ದೆ.

ಹೇಗೋ ಪೈಪು, ಸ್ಕ್ರೂ ಡ್ರೈವರ್, ತಮ್ಮನ ತೂಕ ಎಲ್ಲಾ ಸೇರಿಸಿ ಒಂದೂವರೆಗೆ ಬೀಡ್ ಒಳಗೆ ಹೋಯ್ತು. ಪಂಪು ಹೊಡೆದೆವು. ಇನ್ನೂರು ದಾಟಿದ ಮೇಲೆ ಎಣಿಸೋದು ಬಿಟ್ಟೆ. ಗಾಳಿ ನಿಲ್ಲಲಿಲ್ಲ. ಪುಸ್ ಅಂತ ಶಬ್ದ ಬರ್ತಾ ಇತ್ತು.

ಮತ್ತೆ ಬಿಚ್ಚಿ, ಟ್ಯೂಬ್ ತೆಗೆದು, ಸ್ವಲ್ಪ ಗಾಳಿ ತುಂಬಿ ಹಂಡೆ ನೀರಿಗೆ ಅದ್ದಿದೆವು. ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು. ಸ್ಕ್ರೂ ಡ್ರೈವರಿನ ಕೆಲಸ. ಟಾಮಿಯ ತುದಿ ಉಜ್ಜಿ ದುಂಡಗೆ ಮಾಡಿರ್ತಾರೆ, ಸ್ಕ್ರೂ ಡ್ರೈವರಿನ ತುದಿ ಚಾಕು ಇದ್ದ ಹಾಗೆ. ಅಪ್ಪ ದುಡ್ಡು ಕೊಟ್ಟು ತಂದ ಹೊಸ ಟ್ಯೂಬು, ಒಂದು ಮೀಟರೂ ಓಡಿರಲಿಲ್ಲ. ನಾನು ಅಂಗಳದಲ್ಲಿ ಕೆಸರಿನ ಮೇಲೇ ಕೂತುಬಿಟ್ಟೆ. ಮಳೆ ಹನಿ ಶುರುವಾಯ್ತು. ಹಾಸ್ಟೆಲ್ ಗ್ರೂಪಿಗೆ ಫೋಟೋ ಹಾಕಿದರೆ ಒಬ್ಬ "ಡಿಯೋಡರೆಂಟ್ ಹೊಡೆದು ಬೆಂಕಿ ಹಚ್ಚು, ಟೈರು ತಾನೇ ಕೂರುತ್ತೆ" ಅಂತ ವಿಡಿಯೋ ಕಳಿಸಿದ. ಅದು ಟ್ಯೂಬ್‌ಲೆಸ್ ಟೈರಿಗೆ ಕಾಡಿನಲ್ಲಿ ಸಿಕ್ಕಿಹಾಕಿಕೊಂಡವರು ಮಾಡುವ ಹುಚ್ಚಾಟ. ಒಳಗೆ ಎಷ್ಟು ಒತ್ತಡ ಏಳುತ್ತೆ ಅನ್ನೋದು ಯಾರ ಕೈಯಲ್ಲೂ ಇಲ್ಲ. ಟ್ಯೂಬ್ ಇರುವ ಟೈರಿಗಂತೂ ಅದರ ಅಗತ್ಯವೇ ಇಲ್ಲ. ದಯವಿಟ್ಟು ಯಾರೂ ಮಾಡಬೇಡಿ.

ಆಗ ಕೋಲಿನ ಶಬ್ದ ಕೇಳಿತು. ಅಪ್ಪ ಜಗಲಿಯಿಂದ ಇಳಿದು ಬರ್ತಾ ಇದ್ದರು. ಅಮ್ಮ "ಜಾರುತ್ತೆ, ಜಾರುತ್ತೆ" ಅಂತ ಹಿಂದೆ. ಎಡಗೈಯಲ್ಲಿ ಕೋಲು ಹಿಡಿದು, ಬಲಗಾಲು ಎಳೆದುಕೊಂಡು, ಮೂರು ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದು ನಿಂತರು. ಖಾಲಿ ರಿಮ್ ನೆಲದ ಮೇಲೆ ಬಿದ್ದಿತ್ತು. ಕೋಲಿನ ತುದಿಯನ್ನು ಅದರ ನಡುವಿಗೆ ಇಟ್ಟು, ಸುತ್ತಲೂ ನಿಧಾನಕ್ಕೆ ಎಳೆದರು.

"ಹಳ್ಳ" ಅಂದರು.

ರಿಮ್ಮನ್ನು ಅಡ್ಡವಾಗಿ ನೋಡಿದರೆ ಎರಡು ಅಂಚು ಎತ್ತರ, ಮಧ್ಯದಲ್ಲಿ ಸುತ್ತಲೂ ಒಂದು ತಗ್ಗು ಇದೆ. ಇಂಗ್ಲಿಷಿನಲ್ಲಿ ಡ್ರಾಪ್ ಸೆಂಟರ್. ಆ ಪದ ನನಗೆ ಗೊತ್ತಿತ್ತು. ವಿಡಿಯೋದಲ್ಲಿ ಹತ್ತು ಸಲ ಹೇಳಿದ್ದರು. ಆದರೆ ಅದು ಯಾಕಿದೆ ಅಂತ ಯೋಚನೆ ಮಾಡಿರಲಿಲ್ಲ. ಪದ ಗೊತ್ತಿದೆ ಅಂದರೆ ವಿಷಯ ಗೊತ್ತಿದೆ ಅಂದುಕೊಂಡಿದ್ದೆ.

ಅಪ್ಪ ಕೋಲನ್ನು ಎದುರು ಬದಿಗೆ ತೋರಿಸಿ "ಅಲ್ಲಿ ಇಳಿಸು" ಅಂದರು. ಆಮೇಲೆ ಈ ಬದಿಗೆ ತೋರಿಸಿ "ಇಲ್ಲಿ ಎತ್ತು."

ಅಷ್ಟೇ. ಬಳೆ ಹಿಗ್ಗಲ್ಲ, ಸರಿ. ಆದರೆ ಬಳೆಯ ಒಂದು ಬದಿಯನ್ನು ಆ ಹಳ್ಳಕ್ಕೆ ಇಳಿಸಿದರೆ, ಅಲ್ಲಿ ಎಷ್ಟು ಇಳೀತೋ ಅಷ್ಟು ಸಡಿಲ ಎದುರು ಬದಿಯಲ್ಲಿ ಸಿಗುತ್ತೆ. ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಸರಳವಾಗಿ ನೋಡಿದರೆ, ಅಂಚು ಎಷ್ಟು ಎತ್ತರ ಇದೆಯೋ ಹಳ್ಳ ಕನಿಷ್ಠ ಅಷ್ಟು ಆಳ ಇದ್ದರೆ ಬಳೆ ದಾಟುತ್ತೆ. ನಾನು ಬೆಳಗ್ಗೆಯಿಂದ ಮಾಡ್ತಿದ್ದದ್ದು ಏನು? ಎದುರು ಬದಿಯ ಬೀಡನ್ನು ಅಂಚಿನ ಪಕ್ಕದಲ್ಲೇ ಬಿಟ್ಟು, ಈ ಬದಿಯಲ್ಲಿ ಉಕ್ಕಿನ ತಂತಿಯನ್ನು ಹಿಗ್ಗಿಸೋಕೆ ಹೋಗಿದ್ದೆ. ಪೈಪು ಎಷ್ಟು ಉದ್ದ ಮಾಡಿದರೂ ಅದು ಆಗುವ ಕೆಲಸ ಅಲ್ಲ.

ಅಮ್ಮ ಕುರ್ಚಿ ತಂದು ಅಂಗಳದಲ್ಲಿ, ಮಾಡಿನ ಕೆಳಗೆ ಹಾಕಿದರು. ಅಲ್ಲಿಂದ ಮುಂದೆ ಅಪ್ಪ ಮೇಸ್ತ್ರಿ, ನಾವಿಬ್ಬರು ಆಳು.

ತೂತಿಗೆ ತೇಪೆ ಹಾಕುವಾಗ ಸಲ್ಯೂಷನ್ ಹಚ್ಚಿದ ಕೂಡಲೇ ಅಂಟಿಸೋಕೆ ಹೋದೆ. "ಒಣಗಲಿ." ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಅಂಟಿಸಿದೆ, ಗಟ್ಟಿಯಾಗಿ ಕೂತಿತು. ಟ್ಯೂಬನ್ನು ಹಾಗೇ ಒಳಗೆ ತುರುಕಲು ಹೋದೆ. "ಪೌಡರ್." ಅಮ್ಮ ಒಳಗಿಂದ ಮುಖಕ್ಕೆ ಹಾಕುವ ಪೌಡರ್ ಡಬ್ಬಿ ತಂದರು. ಟ್ಯೂಬು ಟೈರಿಗೆ ಅಂಟದೆ ಜಾರಿಕೊಂಡು ತನ್ನ ಜಾಗಕ್ಕೆ ಕೂರಲಿ ಅಂತ. "ಸ್ವಲ್ಪ ಗಾಳಿ." ಟ್ಯೂಬಿಗೆ ದುಂಡಗೆ ನಿಲ್ಲುವಷ್ಟು ಮಾತ್ರ ಗಾಳಿ ಕೊಟ್ಟರೆ ಅದು ಮಡಚಿ ಟಾಮಿಯ ಕೆಳಗೆ ಸಿಗಲ್ಲ. ತಮ್ಮ ಸೋಪಿನ ನೀರು ಮುಗೀತು, ಗ್ರೀಸ್ ಹಚ್ಚಲಾ ಅಂತ ಕೇಳಿದ. ಅಪ್ಪ ಕೋಲು ಎತ್ತಿದರು. ಗ್ರೀಸ್, ಎಂಜಿನ್ ಆಯಿಲ್ ರಬ್ಬರನ್ನು ಹಾಳು ಮಾಡುತ್ತೆ. ಜೊತೆಗೆ ಅದು ಒಣಗಲ್ಲ, ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಮೂತಿ ಕಿತ್ತುಹಾಕುತ್ತೆ. ಸೋಪಿನ ನೀರು ಒಣಗಿ ಹೋಗುತ್ತೆ, ಅದೇ ಅದರ ಗುಣ.

ಎರಡನೇ ಬೀಡನ್ನು ಮೂತಿಯ ಎದುರು ಬದಿಯಿಂದ ಶುರು ಮಾಡಿ ಮೂತಿಯ ಹತ್ತಿರ ಮುಗಿಸಬೇಕು. ಮೂತಿ ಇರುವ ಕಡೆ ಟ್ಯೂಬು ಅಡ್ಡ ಬರುತ್ತೆ, ಅಲ್ಲಿ ಬೀಡ್ ಹಳ್ಳಕ್ಕೆ ಇಳಿಯಲ್ಲ. ಎದುರು ಬದಿಯನ್ನು ಮೊಣಕಾಲಲ್ಲಿ ಹಳ್ಳಕ್ಕೆ ಒತ್ತಿ ಹಿಡಿದು, ಟಾಮಿಯಲ್ಲಿ ಒಂದು ಸಲಕ್ಕೆ ಎರಡೇ ಇಂಚು ಎತ್ತುತ್ತಾ ಹೋದೆ. ಪೈಪು ಬೇಕಾಗಲೇ ಇಲ್ಲ. ಕೊನೆಯ ಭಾಗ ಟಪ್ ಅಂತ ಒಳಗೆ ಬಿದ್ದಾಗ ನನಗೆ ನಂಬಿಕೆ ಬರಲಿಲ್ಲ. ಬೆಳಗ್ಗೆ ಮೂರು ಜನದ ಬಲ ಬೇಕಾಗಿದ್ದ ಕೆಲಸ ಅದು.

ಗಾಳಿ ತುಂಬುವಾಗ ತಮ್ಮ ಬಗ್ಗಿ ನೋಡ್ತಾ ನಿಂತ. "ಎದುರು ನಿಲ್ಲಬೇಡ" ಅಂದರು. ಆ ದಿನ ಅಪ್ಪ ಹೇಳಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು. ಇದರ ಲೆಕ್ಕವನ್ನೂ ಹಾಕಿದೆ. ಟೈರಿನ ಹೊರವ್ಯಾಸ ಸುಮಾರು 28 ಇಂಚು, ಒಳಗಿನದು 16. ಒಂದು ಪಕ್ಕದ ವಿಸ್ತೀರ್ಣ ಸುಮಾರು 415 ಚದರ ಇಂಚು. 40 ಪಿಎಸ್‌ಐ ಗಾಳಿ ತುಂಬಿದರೆ ಆ ಪಕ್ಕವನ್ನು ಒತ್ತುವ ಒಟ್ಟು ಬಲ ಸುಮಾರು ಏಳೂವರೆ ಟನ್. ಬೀಡ್ ಕೂರದಿದ್ದರೆ ಇನ್ನೂ ಗಾಳಿ ಹಾಕೋಣ ಅನ್ನೋ ಆಸೆ ಬರುತ್ತೆ. ಇಂಥ ಟೈರಿಗೆ 40 ದಾಟಬಾರದು. ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ, ಮತ್ತೆ ಶುರು ಮಾಡಬೇಕು. ಇನ್ನೊಂದು ಮಾತು, ಲಾರಿಯ ಲಾಕ್ ರಿಂಗ್ ಇರುವ ಚಕ್ರಗಳನ್ನು ಮನೆಯಲ್ಲಿ ಮುಟ್ಟಲೇಬೇಡಿ. ಆ ರಿಂಗ್ ಹಾರಿದರೆ ಹುಬ್ಬಿನ ಗೆರೆಗೆ ನಿಲ್ಲಲ್ಲ.

ನಮ್ಮದು ಎರಡು ಸಲ ಡಬ್ ಡಬ್ ಅಂತ ಕೂತಿತು. ಟೈರಿನ ಮೇಲೆ ರಿಮ್ಮಿನ ಪಕ್ಕದಲ್ಲೇ ಸುತ್ತಲೂ ಒಂದು ಸಣ್ಣ ಗೆರೆ ಇರುತ್ತೆ. ಅದು ಎಲ್ಲಾ ಕಡೆ ಒಂದೇ ಸಮ ಕಾಣಿಸಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಒಮ್ಮೆ ಗಾಳಿ ಪೂರ್ತಿ ಬಿಟ್ಟು, ಟ್ಯೂಬಿನ ಸುಕ್ಕು ಹೋಗಲಿ ಅಂತ ಮತ್ತೆ ತುಂಬಿ, 25ಕ್ಕೆ ನಿಲ್ಲಿಸಿದೆವು.

ಎರಡನೇ ಟೈರು ಒಂದೂವರೆ ಗಂಟೆಯಲ್ಲಿ ಆಯ್ತು. ಹಿಂದಿನ ಎಡಚಕ್ರಕ್ಕೆ ಅಂತ ಹಾಕಿದ್ದು. ಕಟ್ಟಿಗೆ ದೀಪದ ಬೆಳಕಲ್ಲ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಖುಷಿಯಿಂದ ಎತ್ತಿ ನಿಲ್ಲಿಸಿದ ಮೇಲೆ ಟೈರಿನ ಮೇಲಿದ್ದ ಬಾಣದ ಗುರುತು ಕಾಣಿಸಿತು. ಈ ಹಲ್ಲು ಒಂದೇ ದಿಕ್ಕಿಗೆ ತಿರುಗಬೇಕು. ನಾನು ಉಲ್ಟಾ ಹಾಕಿದ್ದೆ. ಮತ್ತೆ ಜಾಕಿ, ಮತ್ತೆ ಟಾಮಿ, ಮತ್ತೆ ಇನ್ನೂರು ಪಂಪು! ಅಳು ಬರೋದೊಂದು ಬಾಕಿ. ವಾಲ್ವ್ ಪಿನ್ ತೆಗೆಯೋಕೆ ಬಗ್ಗಿದೆ. ಹಿಂದಿನಿಂದ ವಿಚಿತ್ರ ಶಬ್ದ ಬಂತು. ತಿರುಗಿ ನೋಡಿದರೆ ಅಪ್ಪ ನಗ್ತಾ ಇದ್ದಾರೆ. ಬಾಯಿ ಒಂದು ಕಡೆ ಮಾತ್ರ ಏಳುತ್ತೆ, ಆದರೂ ಹೊಟ್ಟೆ ಕುಲುಕುವಷ್ಟು ನಗು.

"ಆ ಕಡೆ ಹಾಕು" ಅಂದರು.

ಎಡಕ್ಕೆ ಉಲ್ಟಾ ಆದದ್ದು ಬಲಕ್ಕೆ ಸರಿ. ಅಷ್ಟು ಸುಲಭ. ಅಮ್ಮ, ತಮ್ಮ, ನಾನು, ಎಲ್ಲರೂ ನಕ್ಕೆವು. ಫೆಬ್ರವರಿಯ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅವತ್ತೇ.

ಮಾರನೇ ದಿನ ಉಳಿದ ಎರಡು. ಒಂದೊಂದಕ್ಕೆ ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ನಟ್ಟುಗಳನ್ನು ಸುತ್ತಲೂ ವರಸೆಯಾಗಿ ಅಲ್ಲ, ಎದುರುಬದುರಾಗಿ ಬಿಗಿ ಮಾಡಿದೆವು. ಮನೆಯಲ್ಲಿ ಬ್ಯಾಲೆನ್ಸಿಂಗ್ ಮಾಡೋಕಾಗಲ್ಲ, ಆದರೆ ನಮ್ಮ ದಾರಿಯಲ್ಲಿ ಆ ಜೀಪು ಓಡುವ ಸ್ಪೀಡಿಗೆ ಅದು ಗೊತ್ತಾಗುವುದೂ ಇಲ್ಲ.

ಕೊನೆಗೆ ಉಳಿದದ್ದು ನಾಲ್ಕು ವಾಲ್ವಿನ ಮುಚ್ಚಳ. ಅಂಗೈಯಲ್ಲಿ ಇಟ್ಟುಕೊಂಡು ಹಾಕೋಕೆ ಹೊರಟೆ. ಅಪ್ಪ ಕೈ ಚಾಚಿದರು. ಬಲಗೈ. ಫಿಸಿಯೋಥೆರಪಿಯವರು ಹಿಸುಕೋಕೆ ಅಂತ ಕೊಟ್ಟಿದ್ದ ಸ್ಪಂಜಿನ ಚೆಂಡನ್ನು ಅವರು ಮುಟ್ಟಿರಲೇ ಇಲ್ಲ, ಮಕ್ಕಳಾಟ ಅಂತ. ಒಂದು ಮುಚ್ಚಳ ತಗೊಂಡು ಚಕ್ರದ ಪಕ್ಕ ಮಣೆಯ ಮೇಲೆ ಕೂತರು. ಎರಡು ಬೆರಳ ನಡುವೆ ಅದು ನಿಲ್ಲಲಿಲ್ಲ, ಕೆಸರಿಗೆ ಬಿತ್ತು. ನಾನು ಎತ್ತಿ ಕೊಟ್ಟೆ. ಮತ್ತೆ ಬಿತ್ತು. "ನಾನು ಹಾಕ್ತೀನಿ ಬಿಡಿ" ಅನ್ನೋಕೆ ಬಾಯಿ ತೆರೆದೆ, ಅಮ್ಮ ಕಣ್ಣಲ್ಲೇ ಬೇಡ ಅಂದರು. ನಾಲ್ಕನೇ ಸಲ ಮರೆ ಹಿಡೀತು. ಕಾಲು ಸುತ್ತು, ಕಾಲು ಸುತ್ತು ಅಂತ ತಿರುಗಿಸಿದರು. ನಾಲ್ಕು ಮುಚ್ಚಳಕ್ಕೆ ಮುಕ್ಕಾಲು ಗಂಟೆ. ಒಂದು ಟೈರಿಗೆ ನಮಗೆ ಬೇಕಾದಷ್ಟೇ ಹೊತ್ತು.

ಮಂಗಳವಾರ ಚಿಕ್ಕಪ್ಪ ಜೀಪು ಓಡಿಸಿದರು. ಅಪ್ಪ ಪಕ್ಕದಲ್ಲಿ, ನಾನು ಹಿಂದೆ. ಇಳಿಯುವಾಗ ಟೈರಿನ ಹಲ್ಲು ಕೆಸರು ಎತ್ತಿ ಮಡ್‌ಗಾರ್ಡಿಗೆ ಹೊಡೆಯುವ ಶಬ್ದ ಬಿಟ್ಟರೆ ಯಾರೂ ಮಾತಾಡಲಿಲ್ಲ. ಟಾರ್ ರೋಡ್ ಸಿಕ್ಕ ಮೇಲೆ ಅಪ್ಪ "ನಿಲ್ಲಿಸು" ಅಂದರು. ನನ್ನ ಕಡೆ ತಿರುಗಿ "ನಟ್ಟು" ಅಂದರು. ಹೊಸದಾಗಿ ಚಕ್ರ ಹಾಕಿ ಸ್ವಲ್ಪ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಇಳಿದು ನೋಡಿದೆ. ಎರಡು ಕಾಲು ಸುತ್ತು ತಿರುಗಿದವು. ಈ ಸಲ ಆ ಒಂದು ಪದ ನನಗೆ ಸಾಕಾಯ್ತು.

ಈಗ ಅಪ್ಪ ಕೋಲಿಲ್ಲದೆ ಅಂಗಳದವರೆಗೆ ನಡೀತಾರೆ. ಕೈ ಪೂರ್ತಿ ಬಂದಿಲ್ಲ, ಮಾತು ಸ್ವಲ್ಪ ಉದ್ದ ಆಗಿದೆ. ಹೋದ ತಿಂಗಳು ನಮ್ಮ ಕಾಲೇಜಿನ ಬಾಹಾ ತಂಡದ ಶೆಡ್‌ನಲ್ಲಿ ಜೂನಿಯರ್ ಇಬ್ಬರು ಒಂದು ಪುಟ್ಟ ಟೈರಿನ ಜೊತೆ ಕುಸ್ತಿ ಮಾಡ್ತಿದ್ದರು. ಟಾಮಿಗೆ ಪೈಪು ಬೇರೆ ಸಿಕ್ಕಿಸಿದ್ದರು. ನನಗೆ ಡ್ರಾಪ್ ಸೆಂಟರ್ ಅನ್ನೋ ಪದ ಬಾಯಿಗೆ ಬರಲೇ ಇಲ್ಲ.

"ಪೈಪು ತೆಗೀರಿ. ಆ ಬದಿಯನ್ನು ಹಳ್ಳಕ್ಕೆ ಇಳಿಸಿ" ಅಂದೆ.

ಇಬ್ಬರೂ ನನ್ನ ಮುಖ ನೋಡಿದರು. ಕೋಲು ಇರಲಿಲ್ಲ, ಬೆರಳಲ್ಲೇ ತೋರಿಸಿದೆ.